ತೊಳೆಯದೆ ಉಳಿದ ಹಲಗೆ

ಹಿಂದಿನ ದಿನ ನಾವು ಕಾಡಿಗೆಗಾಗಿ ಜಗಳ ಆಡಿದ್ದೆವು.

ನನ್ನ ಕಾಡಿಗೆ ಡಬ್ಬಿ ಮತ್ತೆ ಖಾಲಿಯಾಗಿತ್ತು. ಯಾರು ಖಾಲಿ ಮಾಡಿದರೆಂದು ಕೇಳಬೇಕಾಗಿರಲಿಲ್ಲ. ಗುಡಾರದ ನೆರಳಿನಲ್ಲಿ ನನ್ನ ನಾಲ್ಕೂ ಮಕ್ಕಳು ತಲೆಗೆ ತಲೆ ತಾಗಿಸಿ ಕೂತಿದ್ದರು. ನಡುವೆ ಲೆಕ್ಕದ ಪುಸ್ತಕ. ಪುಸ್ತಕದ ಮೇಲೆ ಗಾಜು. ಗಾಜಿನ ಮೇಲೆ ನನ್ನ ಕಾಡಿಗೆಯಲ್ಲಿ ಬರೆದ ಭಾಗಾಕಾರ.

"ಗಾಜಿಗೇನು ಇವತ್ತು ಮದುವೇನಾ? ನನ್ನ ಕಣ್ಣಿಗಿಂತ ಅದಕ್ಕೇ ಜಾಸ್ತಿ ಕಾಡಿಗೆ ಆಯ್ತು," ಎಂದೆ.

ಮಕ್ಕಳ ಜೊತೆ ಪುಸ್ತಕಕ್ಕೆ ಬಾಗಿದ್ದ ನನ್ನ ಗಂಡ ತಲೆ ಎತ್ತಲಿಲ್ಲ. "ನಿನ್ನ ಕಣ್ಣು ಕಾಡಿಗೆ ಇಲ್ದೇನೂ ಚೆನ್ನಾಗಿದೆ. ಈ ಲೆಕ್ಕ ಕಾಡಿಗೆ ಇಲ್ದೆ ಆಗಲ್ಲ," ಎಂದರು.

ಚಾಪೆಯ ಮೇಲೆ ಒರಗಿದ್ದ ಅತ್ತೆ ನಿದ್ದೆ ಬಂದವರ ಹಾಗೆ ಆ ಕಡೆ ತಿರುಗಿಕೊಂಡರು. ಹೆತ್ತ ತಾಯಿಯ ಮುಂದೆ ಹೆಂಡತಿಯ ಕಣ್ಣಿನ ಮಾತು ಆಡುವುದು ನಮ್ಮಲ್ಲಿ ಇಲ್ಲ. ನನ್ನ ಗಂಡ ಆಡುತ್ತಿದ್ದರು.

ನಾಳೆ ಬೂತಿಲಿಮಿತ್ ಸಂತೆಗೆ ಹೋಗುತ್ತೇನೆ, ಹೊಸ ಕಾಡಿಗೆ ತರುತ್ತೇನೆ ಎಂದರು. ನನಗೊಂದು ಡಬ್ಬಿ, ಗಾಜಿಗೊಂದು ಡಬ್ಬಿ. ಜಗಳ ಅಲ್ಲಿಗೆ ಮುಗಿಯಿತು. ಮೂರು ಸುತ್ತು ಚಹಾ ಆಯಿತು. ಮೇಕೆ ಹಾಲು ಕರೆದೆ. ಸಂಜೆ ಅವರು ಬರೆಯುವ ಮರದ ಹಲಗೆಯನ್ನು ಮೊಣಕಾಲಿನ ಮೇಲಿಟ್ಟುಕೊಂಡು ಕೊನೆಯ ಮಗಳು ಮ್ನೈನಾಗೆ ಹೊಸ ಪಾಠ ಬರೆದುಕೊಟ್ಟರು. ಅವರ ಸಾಲುಗಳು ಕೊನೆಗೆ ಬರುವಾಗ ಸ್ವಲ್ಪ ಮೇಲಕ್ಕೆ ಏರುತ್ತಿದ್ದವು, ದಿಬ್ಬ ಹತ್ತುವ ಒಂಟೆಗಳ ಹಾಗೆ.

"ನಾನು ವಾಪಸ್ ಬಂದು ಕೇಳ್ತೀನಿ. ತಪ್ಪಿಲ್ದೆ ಒಪ್ಪಿಸಿದ್ರೆ ತೊಳೆಯೋಣ," ಎಂದು ಅವಳಿಗೆ ಹೇಳಿದರು.

ಮರುದಿನ ಸಂತೆಯಿಂದ ಬರುವಾಗ ಗಾಡಿ ಮರಳುದಿಬ್ಬದ ಮೇಲೆ ಮಗುಚಿತು. ಉಳಿದವರಿಗೆ ಕೈಕಾಲು ಮುರಿಯಿತು. ಅವರು ತೀರಿಕೊಂಡರು. ಕಾಡಿಗೆಯ ಎರಡು ಡಬ್ಬಿಗಳನ್ನು ಯಾರೋ ತಂದುಕೊಟ್ಟರು. ಒಂದು ಒಡೆದಿತ್ತು.

ಅತ್ತೆಯ ಎದುರು ಗಂಡನ ಹೆಸರು ಬಾಯಿಗೆ ತರಬಾರದು. ಈಗ ಅತ್ತೆ ಮ್ನೈನಾಳ ಕೈ ಹಿಡಿದು ಬಾವಿಯ ಕಡೆ ಹೋಗಿದ್ದಾರೆ, ಬರೆಯುತ್ತೇನೆ. ಅವರ ಹೆಸರು ಲಿಮಾಮ್. ತಿನ್‌ಮೆರ್ಗಾ ಬಾವಿಯ ಸುತ್ತ ಇರುವ ಗುಡಾರಗಳಲ್ಲಿ ಎಲ್ಲರೂ ಅವರನ್ನು ಜಿಪುಣ ಲಿಮಾಮ್ ಎನ್ನುತ್ತಿದ್ದರು. ಅವರಿಗೂ ಗೊತ್ತಿತ್ತು. ಯಾರಾದರೂ ಮುಖದ ಮೇಲೆ ಹಾಗೆಂದರೆ, ಜಿಪುಣನ ಮನೆ ಚಹಾ ಕುಡಿದು ಹೋಗಿ ಎಂದು ಕೂರಿಸುತ್ತಿದ್ದರು. ಸಕ್ಕರೆಯಲ್ಲಿ ಜಿಪುಣತನ ಮಾಡಿದವರಲ್ಲ. ಕಾಗದದಲ್ಲಿ ಮಾತ್ರ.

ಹರೆಯದಲ್ಲಿ ರಾಜಧಾನಿ ನುವಾಕ್ಶೂತ್ ಬಂದರಿನಲ್ಲಿ ಮೂಟೆಗಳ ಲೆಕ್ಕ ಬರೆಯುತ್ತಿದ್ದರು. ಅಲ್ಲಿಯೇ ಫ್ರೆಂಚ್ ಅಂಕಿಗಳು, ನಾಲ್ಕು ಮಾತು ಫ್ರೆಂಚ್ ಕಲಿತರು. ಕಡಲ ಗಾಳಿ ಎದೆಗೆ ಹಿಡಿಸಲಿಲ್ಲವೆಂದು ಮೇಕೆಗಳ ಬಳಿಗೆ ವಾಪಸ್ ಬಂದರು. ಬಂದ ವರ್ಷವೇ ನಮ್ಮ ಮದುವೆಯಾಯಿತು. ನಾನು ಆಗ ಅಕ್ಷರ ಮಾಲೆ ಮತ್ತು ನಮಾಜಿಗೆ ಬೇಕಾದಷ್ಟು ಕಲಿತಿದ್ದೆ. ಅಮ್ಮ ಬೇಗ ತೀರಿಕೊಂಡದ್ದರಿಂದ ಮುಂದೆ ಕಲಿಸುವವರಿರಲಿಲ್ಲ.

ತಿನ್‌ಮೆರ್ಗಾದಲ್ಲಿ ಶಾಲೆ ಇಲ್ಲವೆಂದಲ್ಲ. ಇಟ್ಟಿಗೆಯ ಒಂದು ಕೋಣೆ ಇದೆ. ಮೇಷ್ಟರು ಬಂದರು, ಬಿಸಿಗಾಳಿ ಬಂತು, ಮೇಷ್ಟರು ಹೋದರು. ಮತ್ತೊಬ್ಬರು ಬರಲಿಲ್ಲ. ಈಗ ಅಲ್ಲಿ ಮಧ್ಯಾಹ್ನ ಮೇಕೆಗಳು ಮಲಗುತ್ತವೆ. ನಮ್ಮ ಮೇಕೆಗಳು ಇಡೀ ಜಿಲ್ಲೆಯಲ್ಲೇ ಹೆಚ್ಚು ಓದಿದವು ಎಂದು ಲಿಮಾಮ್ ಹೇಳುತ್ತಿದ್ದರು. ಹಾಗಾಗಿ ಮಕ್ಕಳಿಗೆ ಮನೆಯಲ್ಲೇ ಪಾಠ. ಎಷ್ಟೋ ಗುಡಾರಗಳಲ್ಲಿ ಹಾಗೇ ನಡೆಯುತ್ತದೆ. ನಮ್ಮ ಗುಡಾರದಲ್ಲಿ ಮಾತ್ರ ಒಂದು ನಿಯಮ ಹೆಚ್ಚಿಗೆ ಇತ್ತು: ಕಲಿಯುವ ಸಾಮಾನು ಯಾವುದೂ ಒಬ್ಬರಿಗೇ ಮುಗಿದುಹೋಗಬಾರದು. ಮೊದಲನೆಯ ಮಗುವಿಗೆ ಸಿಕ್ಕಷ್ಟೇ ಸ್ವಚ್ಛವಾಗಿ ಕೊನೆಯ ಮಗುವಿಗೂ ಸಿಗಬೇಕು.

ಲೆಕ್ಕದ ಪುಸ್ತಕ ಒಂದೇ. ದೊಡ್ಡ ಮಗಳು ತೆಕ್ಬೆರ್‌ಗೆ ಎಂದು ಕೊಂಡದ್ದು. ಅದರಲ್ಲಿ ಉತ್ತರ ತುಂಬಲು ಖಾಲಿ ಚೌಕಗಳಿದ್ದವು. ತೆಕ್ಬೆರ್ ತುಂಬಿಬಿಟ್ಟರೆ ಅವಳ ತಮ್ಮಂದಿರು ಮಹ್ಫೂದ್‌ಗೆ ಏನು, ಸಿದಾತಿಗೆ ಏನು? ಲಿಮಾಮ್ ಒಂದು ದಿನ ಪುಸ್ತಕವನ್ನು ನೋಡುತ್ತಾ ಕೂತರು. ಆಮೇಲೆ ಬೂತಿಲಿಮಿತ್‌ನ ಒಂದು ಅಂಗಡಿಯಲ್ಲಿ ಒಡೆದ ಗಾಜಿನ ಪೆಟ್ಟಿಗೆಯ ಒಂದು ಪಕ್ಕ ಕೇಳಿ ತಂದರು. ಚರ್ಮದ ಕೆಲಸದ ಹೆಂಗಸಿನಿಂದ ಅಂಚಿಗೆ ಮೇಕೆ ಚರ್ಮ ಹೊಲಿಸಿದರು. ಪುಟದ ಮೇಲೆ ಗಾಜು, ಗಾಜಿನ ಮೇಲೆ ಉತ್ತರ, ಆಮೇಲೆ ಬಟ್ಟೆಯಲ್ಲಿ ಒಂದು ಒರೆಸು. ಇದ್ದಿಲು ಗಾಜಿಗೆ ಹಿಡಿಯಲಿಲ್ಲ. ಕಾಡಿಗೆಗೆ ಒಂದು ತೊಟ್ಟು ಬೆಣ್ಣೆ ಸೇರಿಸಿದರೆ ಹಿಡಿಯಿತು. ಇದನ್ನು ಕಂಡುಹಿಡಿದ ದಿನ ಅವರು ನನ್ನ ಡಬ್ಬಿಯನ್ನು ಕೇಳದೆ ತೆಗೆದುಕೊಂಡಿದ್ದರು. ನಾನು ಎರಡು ದಿನ ಮಾತು ಬಿಟ್ಟಿದ್ದೆ.

ಚಹಾದ ರಟ್ಟಿನ ಡಬ್ಬಗಳನ್ನು ಕತ್ತರಿಸಿ ಅಕ್ಷರದ ಚೀಟಿಗಳನ್ನು ಮಾಡಿದ್ದರು. ಅವಕ್ಕೆ ಗೋಂದು ಬಳಿದು ಒಣಗಿಸಿದ್ದರಿಂದ ನಾಲ್ಕು ಮಕ್ಕಳ ಜೊಲ್ಲು ಬಿದ್ದರೂ ಹಾಳಾಗಲಿಲ್ಲ. ಎಣಿಸುವುದಕ್ಕೆ ಖರ್ಜೂರದ ಬೀಜ. ಕೂಡುವುದಕ್ಕೆ, ಕಳೆಯುವುದಕ್ಕೆ ಮರಳು. ಮರಳಿಗೇನು ಬರ.

ಹಲಗೆಗಳು ಎರಡು. ಒಂದು ಲಿಮಾಮ್‌ರ ಅಪ್ಪನದು, ಅವರಿಗೆ ಅವರಪ್ಪ ಕೊಟ್ಟದ್ದು. ತೊಳೆದು ತೊಳೆದು ನಡುವೆ ಸವೆದು ಅಂಗೈಯಂತೆ ತಗ್ಗಾಗಿದೆ. ಅದರ ಒಂದು ಮೂಲೆಯಲ್ಲಿ ಹಲ್ಲಿನ ಗುರುತು ಇದೆ. ಯಾವುದೋ ಮಗು ಕೋಪಕ್ಕೆ ಕಚ್ಚಿದ್ದು. ಯಾರ ಹಲ್ಲು ಎಂದು ನನ್ನ ಮಕ್ಕಳು ಒಬ್ಬರ ಮೇಲೊಬ್ಬರು ಹೇಳುತ್ತಿದ್ದರು, ಬಾಯಿ ಇಟ್ಟು ಅಳತೆ ನೋಡುತ್ತಿದ್ದರು. ಇನ್ನೊಂದು ಹಲಗೆ ನನ್ನ ತವರಿನಿಂದ ಬಂದ, ಸಾಮಾನು ಇಡುವ ಅಟ್ಟಣಿಗೆಯದು. ಅಟ್ಟಣಿಗೆಯ ಕಾಲು ಮುರಿದಾಗ, ಸರಿ ಮಾಡಿಸುತ್ತಾರೆಂದು ನಾನು ಕಾದೆ. ಅವರು ಅದರ ಹಲಗೆ ಕೊಯ್ದು ಉಜ್ಜಿ ನುಣುಪು ಮಾಡಿ ಮಕ್ಕಳಿಗೆ ಕೊಟ್ಟರು. ನಿಮ್ಮಮ್ಮನ ಅಟ್ಟಣಿಗೆಗೆ ಇದಕ್ಕಿಂತ ಒಳ್ಳೆಯ ಗತಿ ಏನಿದೆ ಎಂದರು. ನಾನು ಆಗಲೂ ಮಾತು ಬಿಟ್ಟಿದ್ದೆ.

ಎರಡು ಹಲಗೆ, ನಾಲ್ಕು ಮುಖ, ನಾಲ್ಕು ಮಕ್ಕಳು. ಹೊಸ ಹಲಗೆಯ ಎರಡು ಬದಿ ತೆಕ್ಬೆರ್ ಮತ್ತು ಮಹ್ಫೂದ್‌ಗೆ. ಹಳೆಯದರ ಒಂದು ಬದಿ ಸಿದಾತಿಗೆ, ಇನ್ನೊಂದು ಮ್ನೈನಾಗೆ. ಮಸಿ ನಾನೇ ಕಾಯಿಸುತ್ತಿದ್ದೆ: ಇದ್ದಿಲ ಪುಡಿ, ಜಾಲಿ ಗೋಂದು, ನೀರು. ಬೆಳಗಿನ ನಮಾಜು ಮುಗಿದ ಮೇಲೆ ಲಿಮಾಮ್ ಒಬ್ಬೊಬ್ಬರನ್ನೇ ಕರೆದು ನಿನ್ನೆಯ ಪಾಠ ಒಪ್ಪಿಸಿಕೊಳ್ಳುತ್ತಿದ್ದರು. ತಪ್ಪಿಲ್ಲದೆ ಬಂದರೆ ಹಲಗೆ ತೊಳೆಯುವುದು, ಹೊಸದು ಬರೆಯುವುದು. ತಪ್ಪಿದರೆ ತೊಳೆಯುವುದಿಲ್ಲ, ಅದೇ ಪಾಠ ನಾಳೆಗೂ. ಇದು ನಮ್ಮೆಲ್ಲರ ಪದ್ಧತಿ, ಅವರು ಮಾಡಿದ್ದಲ್ಲ. ಹಲಗೆಯ ಮೇಲೆ ಇರುವುದು ದೇವರ ಮಾತು. ತೊಳೆದ ನೀರನ್ನು ತುಳಿಯುವ ಕಡೆ ಚೆಲ್ಲುವ ಹಾಗಿಲ್ಲ. ಕಲಿತ ಮಗು ಒಂದು ಗುಟುಕು ಕುಡಿಯುತ್ತದೆ, ಉಳಿದದ್ದು ಮರದ ಬುಡಕ್ಕೆ.

ಹಲಗೆ ತೊಳೆಯುವುದು ಅವರದೇ ಕೆಲಸವಾಗಿತ್ತು. ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ಉಗುರಿನ ಸಂದಿಗೆ ಸಿಕ್ಕ ಮಸಿಯನ್ನೂ ಬಟ್ಟಲಿಗೆ ಉದುರಿಸುತ್ತಿದ್ದರು.

ಅವರು ಹೋದ ಮೇಲೆ ನಾನು ಇದ್ದತ್ ಕೂತೆ. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಗುಡಾರ ಬಿಟ್ಟು ಹೊರಗೆ ಹೋಗುವಂತಿಲ್ಲ. ಕೂತಲ್ಲೇ ಒಂದು ಮಾತು ಯೋಚಿಸಿದೆ. ಪಾಠ ನಿಲ್ಲಬಾರದು. ನಿಂತರೆ ಮಕ್ಕಳು ಚೆದುರುತ್ತಾರೆ, ಒಬ್ಬೊಬ್ಬರು ಒಂದೊಂದು ನೆಂಟರ ಮನೆಗೆ. ಅಪ್ಪ ಹೋದಮೇಲೆ ಮನೆಯೂ ಹೋಗಬೇಕೇ?

ನನಗೆ ಕಲಿಸಲು ಬರುವುದಿಲ್ಲ. ಆದರೆ ಕೈ ಹಂಚಿಕೊಂಡರೆ ಆಗುತ್ತದೆ ಎನಿಸಿತು. ಅತ್ತೆಗೆ ಕಣ್ಣು ಮಂಜು, ಆದರೆ ಇಡೀ ಗ್ರಂಥ ಬಾಯಲ್ಲಿದೆ. ಅವರು ಒಪ್ಪಿಸಿಕೊಳ್ಳಲಿ. ತೆಕ್ಬೆರ್‌ಗೆ ಆಗ ಹದಿಮೂರು, ಅವಳ ಬರಹ ದುಂಡಗಿತ್ತು. ಅವಳು ಹಲಗೆ ತೊಳೆದು ಬರೆಯಲಿ. ಮಸಿ, ಗಾಜು, ಬೀಜ, ಒರೆಸುವ ಬಟ್ಟೆ ನನ್ನದು. ಹೀಗೆ ಶುರು ಮಾಡಿದೆವು. ಮೂರು ಮಕ್ಕಳು ನಡೆದರು. ನಾಲ್ಕನೆಯವಳು ನಿಂತಳು.

ಮ್ನೈನಾ ಪ್ರತಿ ಬೆಳಿಗ್ಗೆ ಅಜ್ಜಿಯ ಮುಂದೆ ಕೂರುತ್ತಿದ್ದಳು. ಚೆನ್ನಾಗಿ ಶುರು ಮಾಡುತ್ತಿದ್ದಳು. ಕೊನೆಯ ಸಾಲಿನ ನಡುವೆ ಒಂದು ಕಡೆ ಬಂದು ನಿಲ್ಲುತ್ತಿದ್ದಳು. ತಪ್ಪು ಹೇಳುತ್ತಿರಲಿಲ್ಲ. ಬಾಯಿ ಮುಚ್ಚುತ್ತಿದ್ದಳು, ಅಷ್ಟೆ. ಅತ್ತೆ ಸ್ವಲ್ಪ ಹೊತ್ತು ಕಾದು, "ನಾಳೆ ನೋಡೋಣ" ಎನ್ನುತ್ತಿದ್ದರು. ಅವಳ ಬದಿ ತೊಳೆಯದೆ ಉಳಿಯುತ್ತಿತ್ತು. ಅದೇ ಹಲಗೆಯ ಹಿಂಬದಿ ಸಿದಾತಿಯದು. ಅವನು ತಂಗಿಯ ಬದಿಗೆ ನೀರು ತಾಗದಂತೆ, ಹಸುಗೂಸಿನ ಅಂಡು ಒರೆಸುವ ಹಾಗೆ ಒದ್ದೆ ಬಟ್ಟೆಯಲ್ಲಿ ತನ್ನ ಬದಿಯನ್ನು ಒರೆಸಿಕೊಳ್ಳುತ್ತಿದ್ದ. ಹಳೆಯ ಮಸಿ ಪೂರ್ತಿ ಹೋಗದೆ ಅವನ ಅಕ್ಷರಗಳ ಮೇಲೆ ಅಕ್ಷರ ಬಿದ್ದು ಓದಲು ಬಾರದಂತಾಯಿತು. ಆದರೂ ಅವನು ಗೊಣಗಲಿಲ್ಲ. ಗೊಣಗುವ ಹುಡುಗ ಅವನು.

ಸಾವಿನ ಹೊಡೆತಕ್ಕೆ ಮಗುವಿನ ತಲೆ ಮಂಕಾಗಿದೆ ಎಂದು ಪಕ್ಕದ ಗುಡಾರದವರು ಹೇಳಿದರು. ನಾನೂ ನಂಬಿದೆ.

ಇದ್ದತ್ ಮುಗಿದ ಮೇಲೆ ಲಿಮಾಮ್‌ರ ತಮ್ಮ ಅಹ್ಮದ್ ಸಾಲೆಮ್ ಬಂದ. ನುವಾಕ್ಶೂತ್‌ನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡವನು. ನನಗೆ ಒಂದು ಮೆಲ್ಹ್ಫಾ ಬಟ್ಟೆ ತಂದಿದ್ದ, ಮೈಮೇಲೆ ಹೊದ್ದರೆ ಗಾಳಿಯೇ ಹೊದ್ದ ಹಾಗಿತ್ತು. ಅಣ್ಣನ ಮಕ್ಕಳ ಹೊಣೆ ಅವನದು. ಅವನು ಕೆಟ್ಟವನಲ್ಲ. ಅಳುತ್ತಲೇ ಮಾತನಾಡಿದ. ನಾಲ್ಕೂ ಮಕ್ಕಳನ್ನು ತನ್ನ ಮನೆಗೆ ಕರೆದೊಯ್ದು ಶಾಲೆಗೆ ಸೇರಿಸುತ್ತೇನೆ ಎಂದ. ಇಲ್ಲಿ ಕಲಿಯುತ್ತಿದ್ದಾರೆ ಎಂದೆ. ಅವನು ಮಕ್ಕಳನ್ನು ಕರೆದು ಕೇಳಿದ. ಮೂವರು ಒಪ್ಪಿಸಿದರು. ಮ್ನೈನಾ ಅದೇ ಜಾಗಕ್ಕೆ ಬಂದು ನಿಂತಳು.

"ಇದು ಅಣ್ಣನ ಕೈಬರಹ ಅಲ್ವಾ ಅತ್ತಿಗೆ?" ಎಂದ, ಹಲಗೆ ಹಿಡಿದುಕೊಂಡು.

ಹೌದು ಎಂದೆ.

"ಅವನು ಹೋದಾಗ ಇದ್ದ ಪಾಠಾನೇ ಇನ್ನೂ ಇದೆ. ಇದನ್ನ ಕಲಿಯೋದು ಅಂತ ಹೇಗೆ ಹೇಳ್ಲಿ? ಮಗು ನಿಂತ ನೀರಾಗ್ತಿದೆ."

ನಾನು ಹಲಗೆಯನ್ನು ಅವನ ಕೈಯಿಂದ ತೆಗೆದು ಗೂಟಕ್ಕೆ ಒರಗಿಸಿದೆ. ಮಳೆ ಮುಗಿದ ಮೇಲೆ ಗಾಡಿ ತರುತ್ತೇನೆ, ಅಷ್ಟರಲ್ಲಿ ಈ ಹಲಗೆ ಮುಂದೆ ಹೋಗಿದ್ದರೆ ಮಾತೇ ಎತ್ತುವುದಿಲ್ಲ, ಇಲ್ಲದಿದ್ದರೆ ಮಕ್ಕಳು ನನ್ನ ಜೊತೆ ಬರಲಿ ಎಂದು ಹೇಳಿ ಹೋದ. ನ್ಯಾಯದ ಮಾತೇ. ಅದಕ್ಕೇ ಹೆದರಿಕೆಯಾಯಿತು.

ಮಳೆ ಬಂತು. ಎರಡು ಸಲ ಒಳ್ಳೆಯದು ಬಂತು, ಹುಲ್ಲು ಎದ್ದಿತು. ನಾನು ಸೌದೆಗೆ ಹೋಗುವುದನ್ನು ಮತ್ತೆ ಶುರು ಮಾಡಿದ್ದೆ. ಒಂದು ಬೆಳಿಗ್ಗೆ ಜಾಲಿ ಪೊದೆಯ ಹಿಂದೆ ಕಡ್ಡಿ ಆಯುತ್ತಿದ್ದಾಗ ಮ್ನೈನಾಳ ದನಿ ಕೇಳಿಸಿತು. ಮರಿಗಳನ್ನು ಕಾಯುತ್ತಿದ್ದಳು. ಬಿಳಿ ಮರಿಯೊಂದನ್ನು ಎದುರಿಗೆ ಕೂರಿಸಿಕೊಂಡು, ಅಪ್ಪನ ಹಾಗೆ ಬೆನ್ನು ನೆಟ್ಟಗೆ ಮಾಡಿ, ಪಾಠ ಹೇಳುತ್ತಿದ್ದಳು. ಕೊನೆಯ ಸಾಲು ಬಂತು. ನಿಲ್ಲುವ ಜಾಗ ಬಂತು. ಅವಳು ನಿಲ್ಲಲಿಲ್ಲ. ಕೊನೆಯವರೆಗೆ ನೀರು ಹರಿದ ಹಾಗೆ ಹೇಳಿ ಮುಗಿಸಿದಳು.

"ಈಗ ನೀನ್ ಹೇಳು. ಪೂರ್ತಿ ಮಾತ್ರ ಹೇಳ್ಬೇಡ. ಪೂರ್ತಿ ಹೇಳಿದ್ರೆ ತೊಳೆದ್ಬಿಡ್ತಾರೆ," ಎಂದು ಮರಿಗೆ ಹೇಳಿದಳು.

ನಾನು ಸೌದೆ ಅಲ್ಲೇ ಬಿಟ್ಟು ಬಂದೆ. ನನಗೆ ಮೊದಲೇ ಹೊಳೆಯಬೇಕಿತ್ತು. ಮರೆಯುವ ಮಗು ಇವತ್ತು ಇಲ್ಲಿ ಎಡವುತ್ತದೆ, ನಾಳೆ ಅಲ್ಲಿ. ದಿನವೂ ಒಂದೇ ಕಡೆ ನಿಲ್ಲುವುದಕ್ಕೆ ಒಳ್ಳೆಯ ನೆನಪು ಬೇಕು.

ಅತ್ತೆ ಚಹಾದ ಲೋಟಗಳನ್ನು ತೊಳೆಯುತ್ತಿದ್ದರು. ಪಕ್ಕದಲ್ಲಿ ಕೂತೆ.

"ಮ್ನೈನಾಗೆ ಪಾಠ ಬರುತ್ತೆ ಅತ್ತೆ," ಎಂದೆ.

"ಗೊತ್ತು."

"ಯಾವಾಗಿಂದ?"

"ಮೊದಲಿಂದಾನೂ. ನಾನು ಕುರುಡಿ, ಕಿವುಡಿ ಅಲ್ಲ."

"ಒಂದು ಮಾತು ಹೇಳ್ಬಾರ್ದಿತ್ತಾ? ಸಾಲೆಮ್ ಬಂದಾಗ್ಲಾದ್ರೂ?"

ಅತ್ತೆ ಲೋಟ ಕೆಳಗಿಟ್ಟರು. "ನಿಂಗೆ ತೊಳೆಯೋ ಆಸೆ ಇತ್ತೇನೇ ತಿಸ್ಲೆಮ್?" ಎಂದರು.

ನಾನು ಲೋಟ ಒರೆಸತೊಡಗಿದೆ. ಸಂಜೆ ಎಲ್ಲರೂ ಮಲಗುವ ಮುಂಚೆ ಅತ್ತೆ ಆ ಹಲಗೆಯನ್ನು ತರಿಸಿಕೊಂಡು ಬೆರಳಾಡಿಸುವುದನ್ನು ನೋಡಿದ್ದೆ. ಮಸಿಗೆ ಎತ್ತರ ತಗ್ಗು ಇಲ್ಲ, ಕುರುಡು ಬೆರಳಿಗೆ ಏನು ಸಿಗುತ್ತದೆ? ಆದರೂ ಸಾಲು ಮೇಲಕ್ಕೆ ಏರುವ ಕಡೆ ಅವರ ಬೆರಳೂ ಏರುತ್ತಿತ್ತು. ಅವರು ಹೆತ್ತ ಮಗ. ಸಿದಾತಿ ಗೊಣಗದೆ ಇದ್ದದ್ದೂ ಈಗ ಅರ್ಥವಾಯಿತು. ಇಡೀ ಗುಡಾರ ಆ ಹಲಗೆಯನ್ನು ಕಾಯುತ್ತಿತ್ತು. ನಾನು ಒಬ್ಬಳೇ ತಿಳಿಯದೆ ಕಾಯುತ್ತಿದ್ದೆ.

"ಅದನ್ನ ಮೇಲೆ ತೂಗು ಹಾಕು. ಬೇರೆ ಹಲಗೆ ಕೊಂಡ್ರಾಯ್ತು, ಮರಕ್ಕೇನು ಬರವಾ?" ಎಂದರು ಅತ್ತೆ.

ಆಗುತ್ತಿತ್ತು. ಒಂದು ಮೇಕೆ ಮಾರಿದರೆ ಎರಡು ಹಲಗೆ ಬರುತ್ತವೆ. ರಾತ್ರಿಯೆಲ್ಲ ಅದನ್ನೇ ತಿರುಗಿಸಿ ನೋಡಿದೆ. ತೂಗು ಹಾಕಿದರೆ ನಮಗೆ ಸಮಾಧಾನ. ಆದರೆ ಲಿಮಾಮ್ ಯಾವುದರ ಮೇಲೂ ತಮ್ಮ ಗುರುತು ಬಿಟ್ಟವರಲ್ಲ. ಗಾಜು ಒರೆಸಿದವರು, ಮರಳು ಸವರಿದವರು, ಹಲಗೆ ತೊಳೆದವರು. ತಮ್ಮ ಅಪ್ಪನ ಬರಹವನ್ನೇ ತೊಳೆದು ಕುಡಿದು ದೊಡ್ಡವರಾದರು. ಅವರ ಹೆಸರಿನಲ್ಲಿ ಒಂದು ಹಲಗೆ ಕೆಲಸವಿಲ್ಲದೆ ಗೂಟಕ್ಕೆ ನೇತಾಡುವುದು ಅವರಿಗೆ ಹಿಡಿಸುತ್ತಿರಲಿಲ್ಲ. ಬೈಯುತ್ತಿದ್ದರು.

ಬೆಳಿಗ್ಗೆ ಮ್ನೈನಾಳನ್ನು ಕರೆದು ಮುಂದೆ ಕೂರಿಸಿಕೊಂಡೆ. ಮರಿಗೆ ಪಾಠ ಹೇಳುವುದನ್ನು ಕೇಳಿದೆ ಎಂದೆ. ಅವಳು ಚಾಪೆಯ ಕಡ್ಡಿ ಕೀಳತೊಡಗಿದಳು.

"ಬಾಬಾ ಬಂದು ಕೇಳ್ತೀನಿ ಅಂದಿದ್ರು," ಎಂದಳು.

"ಬಾಬಾ ಬರಲ್ಲ."

"ಗೊತ್ತು."

"ಮತ್ತೆ?"

"ಬರಲ್ಲ ಅಂತ ಗೊತ್ತು ಉಮ್ಮಾ. ಆದ್ರೆ ಕೇಳಿಲ್ವಲ್ಲ."

ಇದಕ್ಕೆ ತಿಳಿದವರು ಏನು ಹೇಳುತ್ತಾರೋ ನನಗೆ ಗೊತ್ತಿಲ್ಲ. ನನಗೆ ತೋಚಿದ್ದನ್ನು ಹೇಳಿದೆ.

"ಈ ಪಾಠ ನಂಗೆ ಬರಲ್ಲ. ನೀನು ನಂಗೆ ಕಲಿಸು. ನಾನು ತಪ್ಪಿಲ್ದೆ ಒಪ್ಪಿಸೋವರ್ಗೂ ತೊಳೆಯಲ್ಲ. ಯಾರೂ ಮುಟ್ಟಲ್ಲ."

ಅವಳು ನನ್ನನ್ನೇ ನೋಡಿದಳು. "ನಿಂಗೆ ತುಂಬಾ ದಿನ ಬೇಕಾಗುತ್ತೆ," ಎಂದಳು. ಆಸೆಯಿಂದ ಹೇಳಿದಳು.

ಬೇಕಾಯಿತು. ನನ್ನ ನಾಲಿಗೆ ದಪ್ಪ. ಹಾಲು ಕರೆಯುವಾಗ, ರೊಟ್ಟಿ ತಟ್ಟುವಾಗ, ಬಾವಿ ಹಗ್ಗ ಎಳೆಯುವಾಗ ಬಾಯಲ್ಲಿ ಅದೇ. ಮ್ನೈನಾ ಗಟ್ಟಿ ಮೇಷ್ಟ್ರಾದಳು. ಅಪ್ಪನ ಜೊಂಡಿನ ಲೇಖನಿ ಹಿಡಿದು ಅಕ್ಷರದ ಕೆಳಗೆ ಇಟ್ಟು ತೋರಿಸುವಳು, ನಾನು ತಪ್ಪಿದರೆ ಮೊಣಕಾಲಿಗೆ ಮೆಲ್ಲಗೆ ತಟ್ಟುವಳು. "ಮೇಕೆ ಮರಿ ನಿಂಗಿಂತ ವಾಸಿ ಉಮ್ಮಾ," ಎಂದು ಒಂದು ದಿನ ಹೇಳಿದಳು. ಅತ್ತೆ ಚಾಪೆಯ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಲಿಮಾಮ್ ಹೋದ ಮೇಲೆ ನಮ್ಮ ಗುಡಾರದಲ್ಲಿ ನಗು ಕೇಳಿಸಿದ್ದು ಅದೇ ಮೊದಲು. ಪಕ್ಕದ ಗುಡಾರದವರು ಏನಾಯಿತೆಂದು ಇಣುಕಿದರು.

ಹಲಗೆಯನ್ನು ಅಷ್ಟು ಹತ್ತಿರದಿಂದ ನಾನು ಹಿಂದೆ ನೋಡಿರಲಿಲ್ಲ. ಒಂದು ಕಡೆ ಮಸಿ ದಪ್ಪ, ಅಲ್ಲಿ ಅವರು ಲೇಖನಿ ಅದ್ದಿದ್ದರು. ಒಂದು ಕಡೆ ಸಣ್ಣ ಕಲೆ, ಅದು ನಾನು ಹಾಲಿನ ಬಟ್ಟಲು ಕೊಡುವಾಗ ತುಳುಕಿದ್ದು. ಆ ಸಂಜೆಯಷ್ಟೂ ಅದರ ಮೇಲಿತ್ತು.

ಕೊನೆಗೂ ಪಾಠ ನನಗೆ ಬಂತು. ಬಂದದ್ದು ನನಗೆ ಒಂದು ಮುಂಜಾನೆ ಒಲೆ ಊದುವಾಗ ಗೊತ್ತಾಯಿತು. ನಡುವೆ ಎಲ್ಲೂ ಸಿಕ್ಕಿಕೊಳ್ಳದೆ ಕೊನೆ ಮುಟ್ಟಿದ್ದೆ. ಸಂತೋಷ ಆಗಲಿಲ್ಲ.

ಆ ದಿನ ಮ್ನೈನಾಳ ಮುಂದೆ ಕೂತು ಶುರು ಮಾಡಿದೆ. ಕೊನೆಯ ಸಾಲಿನ ನಡುವೆ, ಅವಳು ನಿಲ್ಲುತ್ತಿದ್ದ ಜಾಗಕ್ಕೆ ಬಂದಾಗ, ನನ್ನ ಬಾಯಿ ತಾನಾಗಿ ಮುಚ್ಚಿಕೊಂಡಿತು.

ಮ್ನೈನಾ ಲೇಖನಿ ಕೆಳಗಿಟ್ಟಳು. ನನ್ನ ಮುಖ ನೋಡಿದಳು.

"ಉಮ್ಮಾ, ನಿಂಗೆ ಬರುತ್ತೆ," ಎಂದಳು.

"ಬರುತ್ತೆ," ಎಂದೆ.

"ನಂಗೂ ಹಿಂಗೇ ಆಗ್ತಿತ್ತು."

ಅವಳು ಎದ್ದು ಬಂದು ನನ್ನ ತೊಡೆಯ ಮೇಲೆ ಕೂತಳು. ಇಬ್ಬರೂ ಸೇರಿ ಮೊದಲಿನಿಂದ ಹೇಳಿದೆವು. ಆ ಜಾಗ ಬಂದಾಗ ಅವಳು ನನ್ನ ಕೈ ಹಿಡಿದಳು, ದಾಟಿದೆವು. ಚಾಪೆಯ ಮೇಲಿಂದ ಅತ್ತೆಯ ದನಿಯೂ ಸೇರಿಕೊಂಡಿತು. ಮುಗಿಯಿತು.

ಮರದ ಬಟ್ಟಲು ತಂದೆ. ಹಲಗೆ ತೊಳೆಯುವುದು ಅಲ್ಲಿಯವರೆಗೆ ನನ್ನ ಕೈಗೆ ಗೊತ್ತಿಲ್ಲದ ಕೆಲಸ. ತಿಂಗಳುಗಟ್ಟಲೆ ತೊಳೆಯದ ಮಸಿ ಗಟ್ಟಿಯಾಗಿ ಕೂತಿತ್ತು. ಮೇಲಿನಿಂದ ಸಣ್ಣಗೆ ನೀರು ಬಿಟ್ಟು ಅಂಗೈಯಲ್ಲಿ ಉಜ್ಜಿದೆ. ಮೊದಲು ಬೂದು, ಆಮೇಲೆ ಕಪ್ಪು. ಸಾಲುಗಳು ಕೆಳಗಿನಿಂದ ಕರಗಿದವು, ಮೇಲೇರಿದ ತುದಿಗಳು ಕೊನೆಗೆ ಹೋದವು. ಮ್ನೈನಾ ಒಂದು ಗುಟುಕು ಕುಡಿದಳು. ಕಲಿತವರು ಇಬ್ಬರು, ಹಾಗಾಗಿ ನಾನೂ ಕುಡಿದೆ. ಅತ್ತೆ ಕೈ ಚಾಚಿದರು, ಅವರಿಗೂ ಕೊಟ್ಟೆ. ಉಳಿದ ಮೂರು ಮಕ್ಕಳು ತಾವೂ ಎಂದು ಬಂದರು. ಕಹಿಯಿತ್ತು. ಇದ್ದಿಲು, ಗೋಂದು. ಜಾಲಿ ಮರಕ್ಕೆ ಉಳಿದದ್ದು ಬರೀ ತಳದ ಹನಿ.

ಹಲಗೆ ಒಣಗಿದ ಮೇಲೆ ತೆಕ್ಬೆರ್ ಮುಂದಿನ ಪಾಠ ಬರೆದಳು. ನಾನು ಪಕ್ಕದಿಂದ ನೋಡಿದೆ. ಮೊಣಕಾಲಿನ ಮೇಲಿಟ್ಟುಕೊಂಡು ಬರೆಯುವುದನ್ನು ಅವಳು ಅಪ್ಪನಿಂದ ಕಲಿತವಳು. ಅವಳ ಸಾಲುಗಳೂ ಕೊನೆಗೆ ಮೇಲಕ್ಕೆ ಏರುತ್ತಿದ್ದವು. ಯಾರಿಗೂ ಹೇಳಲಿಲ್ಲ.

ಅಹ್ಮದ್ ಸಾಲೆಮ್ ಹೇಳಿದಂತೆ ಮಳೆ ಮುಗಿದ ಮೇಲೆ ಗಾಡಿ ತಂದ. ಮಕ್ಕಳಿಗೆಂದು ನಾಲ್ಕು ಹೊಸ ಲೆಕ್ಕದ ಪುಸ್ತಕ ತಂದಿದ್ದ, ಒಂದೇ ತರದ್ದು ನಾಲ್ಕು. ಮೊದಲನೆಯ ಸುತ್ತಿನ ಚಹಾ ಆಗುವವರೆಗೆ ಎಲ್ಲರ ಯೋಗಕ್ಷೇಮ, ಮೇಕೆಗಳದ್ದೂ ಕೇಳಿದ. ಆಮೇಲೆ ಮ್ನೈನಾಳನ್ನು ಕರೆದ. ಅವಳು ಹಲಗೆಯನ್ನು ಅವನ ಕೈಗೆ ಕೊಟ್ಟು, ಎದುರಿಗೆ ಕೂತು, ಹೊಸ ಪಾಠ ಒಪ್ಪಿಸಿದಳು. ಅದರ ಹಿಂದಿನದು, ಅದಕ್ಕೂ ಹಿಂದಿನದು ಕೇಳಿದ. ಅಪ್ಪ ಬರೆದದ್ದು ಬಂತು. ನಿಲ್ಲದೆ ಮುಗಿಸಿದಳು.

ಅವನು ಹಲಗೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಅಣ್ಣನ ಬರಹ ಹುಡುಕುತ್ತಿದ್ದನೇನೋ. ಮೂಲೆಯ ಹಲ್ಲಿನ ಗುರುತಿನ ಮೇಲೆ ಅವನ ಹೆಬ್ಬೆರಳು ನಿಂತಿತು.

"ಇನ್ನೂ ಇದೆಯಾ ಇದು?" ಎಂದ, ತಗ್ಗಿದ ದನಿಯಲ್ಲಿ.

"ಎಲ್ಲಿಗೆ ಹೋಗುತ್ತೆ? ಕಚ್ಚಿದೋನು ನೀನು. ನಿನ್ನಣ್ಣ ಬೇಗ ಒಪ್ಪಿಸ್ದ, ನಿಂಗೆ ಬರ್ಲಿಲ್ಲ, ಸಿಟ್ಟಿಗೆ ಹಲಗೆ ಕಚ್ದೆ. ಹಾಲು ಹಲ್ಲು ಅಲ್ಲೇ ಉದುರ್ತು," ಎಂದರು ಅತ್ತೆ.

ಮಕ್ಕಳು ನೆಲದ ಮೇಲೆ ಬಿದ್ದು ನಕ್ಕರು. ಸಿದಾತಿ ಓಡಿ ಬಂದು ಚಿಕ್ಕಪ್ಪನ ಬಾಯಿ ತೆರೆಸಿ ಅಳತೆ ನೋಡುತ್ತೇನೆಂದು ಹಟ ಹಿಡಿದ. ಅವನು ತೆರೆದ. ನಗುತ್ತಾ ಅತ್ತ, ಅಳುತ್ತಾ ನಕ್ಕ, ಯಾವುದು ಎಂದು ನಾನು ನೋಡಲು ಹೋಗಲಿಲ್ಲ. ಚಹಾ ಎರಡನೇ ಸುತ್ತಿಗಿಟ್ಟೆ.

ಮೂರನೆಯ ಲೋಟ ಮುಗಿಸಿ ಅವನು ಎದ್ದ. ಕೊಟ್ಟ ಮಾತಿನಂತೆ ಮಾತು ಎತ್ತಲಿಲ್ಲ. ನಾನು ನಾಲ್ಕು ಪುಸ್ತಕಗಳಲ್ಲಿ ಒಂದನ್ನು ಇಟ್ಟುಕೊಂಡು ಮೂರನ್ನು ಅವನ ಕೈಗೆ ವಾಪಸ್ ಕೊಟ್ಟೆ.

"ಯಾಕೆ ಅತ್ತಿಗೆ?"

"ನಮ್ಮ ಹತ್ರ ಗಾಜಿದೆ," ಎಂದೆ. 

ಜಿಪುಣನ ಹೆಂಡತಿ ಎಂದು ಗಾಡಿಯ ಹತ್ತಿರ ಹೋಗುತ್ತಾ ಅವನು ಗೊಣಗಿದ್ದು ಕೇಳಿಸಿತು. ಮುಂದಿನ ಸಲ ಬಂದಾಗ ನನಗೆ ಎರಡು ಡಬ್ಬಿ ಕಾಡಿಗೆ ತಂದ.

ಮಹ್ಫೂದ್ ಮರುವರ್ಷ ಚಿಕ್ಕಪ್ಪನ ಮನೆಗೆ ಹೋದ. ಅವನಿಗೆ ಹೋಗಬೇಕಿತ್ತು, ಕಳಿಸಿದೆ. ಶಾಲೆಯಲ್ಲಿ ಅವನನ್ನು ಅವನ ವಯಸ್ಸಿನವರ ಜೊತೆಗೇ ಕೂರಿಸಿದರಂತೆ. ರಜಕ್ಕೆ ಬಂದಾಗ ತನ್ನ ಪುಸ್ತಕಗಳಿಗೆ ಗಾಜು ಕೇಳುತ್ತಾನೆ. ಅಭ್ಯಾಸ. ತೆಕ್ಬೆರ್‌ಗೆ ಕೆಲವು ವರ್ಷದ ಮೇಲೆ ಮದುವೆಯಾಯಿತು, ಎರಡು ಗುಡಾರ ಆಚೆ ಇದ್ದಾಳೆ, ತನ್ನ ಬದಿಯ ಪಾಠಕ್ಕೆ ಈಗಲೂ ಬರುತ್ತಾಳೆ. ಮೊನ್ನೆ ರಟ್ಟಿನ ಚೀಟಿಗಳನ್ನು ಈಗಲೇ ತೆಗೆದಿಡು ಎಂದು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಹೇಳಿ ಹೋದಳು.

ಮಹ್ಫೂದ್ ಹೋದದ್ದರಿಂದ ಒಂದು ಹಲಗೆಯ ಒಂದು ಬದಿ ಖಾಲಿಯಾಯಿತು. ಖಾಲಿ ಬಿಡುವುದು ಈ ಮನೆಯ ಪದ್ಧತಿಯಲ್ಲ. ಅದು ಈಗ ನನ್ನ ಬದಿ. ಮ್ನೈನಾ ಬರೆದುಕೊಡುತ್ತಾಳೆ. ಕೆಲವು ಪಾಠ ವಾರ ಹಿಡಿಯುತ್ತದೆ.

ಬೆಳಗಿನ ನಮಾಜು ಮುಗಿದ ಮೇಲೆ ಒಲೆ ಹೊತ್ತಿಸುವ ಮುಂಚೆ ಮರದ ಬಟ್ಟಲು ತೆಗೆದುಕೊಳ್ಳುತ್ತೇನೆ. ಒಪ್ಪಿಸಿದವರ ಬದಿ ತೊಳೆಯುತ್ತೇನೆ, ಒಪ್ಪಿಸದವರದ್ದು ಬಿಡುತ್ತೇನೆ. ಉಗುರಿನ ಸಂದಿಯ ಮಸಿಯನ್ನು ಬಟ್ಟಲಿಗೆ ಉದುರಿಸುತ್ತೇನೆ. ನೀರನ್ನು ಮರದ ಬುಡಕ್ಕೆ ಹಾಕಿ, ಎರಡೂ ಹಲಗೆಗಳನ್ನು ಗುಡಾರದ ಗೂಟಕ್ಕೆ ಒರಗಿಸಿ, ಬಿಸಿಲು ಬರುವ ಕಡೆಗೆ ಮುಖ ಮಾಡಿ ಇಡುತ್ತೇನೆ.